ಜೇವರ್ಗಿಯ ದೀಪ

ಎರಡು ದೀಪ ಮಿನುಗುತ್ತಿವೆ, ಮೂರನೆಯದು ಇಲ್ಲ — ಅಫಜಲಪುರದ ಗ್ರಂಥಾಲಯದ ಹಿಂದಿನ ಕೋಣೆ, ಫ್ಯಾನಿನ ಗಾಳಿಗೆ ಕ್ಯಾಲೆಂಡರು ಗೋಡೆಗೆ ಬಡಿದುಕೊಳ್ಳುತ್ತಿದೆ, ಪರದೆಯ ಮೇಲೆ ಆಳಂದ ಹಸಿರು, ಅಫಜಲಪುರ ಹಸಿರು, ಜೇವರ್ಗಿ ಬೂದು, ಎರಡು ತಿಂಗಳಿಂದ ಈ ಬೂದು ಯಾರ ಕಣ್ಣಿಗೂ ಬಿದ್ದಿಲ್ಲ, ಮೃಣಾಲಿನಿಗೆ ಸಿಟ್ಟು, ಸಿಟ್ಟು ಬಿಟ್ಟರೆ ಬೇರೇನೂ ಬರುವುದಿಲ್ಲ ಈಗ, ಮುಂಜಾನೆ ರಜೆ ಮುಗಿಸಿ ಬಂದವಳಿಗೆ ಎಲ್ಲರೂ ಚಹಾ ಕೊಟ್ಟರು, ಸತ್ತ ಯಂತ್ರದ ಸುದ್ದಿ ಅವಳೇ ಅವರಿಗೆ ಹೇಳಬೇಕಾಯಿತು. ಅವರಾದರೂ ಏನು ಮಾಡಿಯಾರು, ಕೇಳಿದವರಿಗೆ ಹಾಡು ಸಿಗುತ್ತಲೇ ಇತ್ತು — ಮೂರು ಊರಲ್ಲಿ ಮೂರು ಸರ್ವರ್, ಮೂರರಲ್ಲೂ ಹಳ್ಳಿ ಹಳ್ಳಿ ತಿರುಗಿ ಹಿಡಿದಿಟ್ಟ ಅವೇ ಬೀಸುಕಲ್ಲಿನ ಪದಗಳು, ಗಳಿಗೆಗೊಮ್ಮೆ ಒಂದನ್ನೊಂದು ಇದ್ದಿ ಏನ್, ಇದ್ದೇನಿ ಎಂದು ಮಾತಾಡಿಸಿಕೊಳ್ಳುತ್ತವೆ, ಒಂದು ಓಗೊಡದಿದ್ದರೆ ಉಳಿದೆರಡು ಸೇರಿ ಅದು ಸತ್ತಿತೆಂದು ತೀರ್ಮಾನಿಸಿ ಅದರ ಕೆಲಸ ಹಂಚಿಕೊಳ್ಳುತ್ತವೆ, ಒಂದು ಹೋದರೂ ಹೋದದ್ದು ಗೊತ್ತಾಗಬಾರದು, ಹಾಗೆ ಕಟ್ಟಿದವಳು ಅವಳೇ, ಕಟ್ಟಿದ ದಿನ ಗಂಡ ವಿಕ್ರಮ ನಕ್ಕಿದ್ದ, ಛಲೋ ಅದ ಬಿಡು, ನಾ ಸತ್ರೂ ಹಿಂಗೇ ನಡೀತದ. ನಡೆಯಿತು. ಅವನ ಕುರ್ಚಿಯಲ್ಲಿ ಮೈದುನ ಶ್ರೀರಂಗ ಕೂಡುತ್ತಾನೆ, ಅತ್ತೆ ರೊಟ್ಟಿ ಎರಡು ಕಡಿಮೆ ಬಡಿಯುತ್ತಾರೆ, ಕೈಯ ಲೆಕ್ಕ ತಪ್ಪುವುದಿಲ್ಲ.

ಎರಡು ತಿಂಗಳ ಹಿಂದೆ ಆವತ್ತು ಫೋನಿನಲ್ಲಿ ಹಾಡು ಹಿಡಿಯಲು ಕೊಳಕೂರಿಗೆ ಹೋದ ವಿಕ್ರಮ ಅವಳನ್ನು ಕರೆದಿದ್ದ, ಮುದುಕಿ ನಿಂಬೆವ್ವ ಕೊನೀಗೆ ನಿನ್ನ ಹೆಸರು ಹಾಕಿ ಪದ ಕಟ್ಟ್ಯಾಳ ಬೇ, ನಾನೂ ಒಂದ್ ಸೊಲ್ಲು ದನಿಗೂಡಿಸೇನಿ, ಕಪ್ಪಿ ಒದರಿದಂಗ ಆಗ್ಯಾದ, ಜೇವರ್ಗಿಗೆ ಬಂದು ಇಲ್ಲಿನ ಸರ್ವರ್‌ಗೇ ಏರಿಸೇನಿ, ಕೇಳು — ಆಮ್ಯಾಲ ಕೇಳ್ತೇನಿ, ಕೈಯಾಗ ಕೆಲಸ ಅದ, ಎಂದಿದ್ದಳು ಇವಳು — ಆಮೇಲೆ ಸೊನ್ನದ ಹಾದಿಯಲ್ಲಿ ಲಾರಿ, ಪುಡಿಯಾದ ಫೋನು, ಆಮೇಲೆ ಎಂಬುದೇ ಉಳಿಯಲಿಲ್ಲ. ಈಗ ಹುಡುಕಿದರೆ ಆ ಹಾಡು ಇಲ್ಲಿಲ್ಲ, ಆಳಂದದಲ್ಲಿಲ್ಲ, ಅಂದರೆ ಜೇವರ್ಗಿ ಆಗಲೇ ಉಳಿದೆರಡರಿಂದ ಕಡಿದುಹೋಗಿತ್ತು, ಕಡಿದರೂ ಹಾಡು ತುಂಬಿಕೊಳ್ಳುತ್ತಿತ್ತು, ಮೇಲಧಿಕಾರಿ ನರಸಿಂಹ ಹಟ ಹಿಡಿದು ಹಾಗೆ ಮಾಡಿಸಿದ್ದರು, ಒಂಟಿ ಆದ್ರೂ ಕೆಲಸ ನಿಲ್ಲಬಾರದವ್ವಾ, ಮುಂಜಾನೆ ಚಹಾದ ಲೋಟ ಸರಿಸುತ್ತ ಅವಳಿಗೂ ಅದನ್ನೇ ಹೇಳಿದರು, ಅದೇ ದನಿಯಲ್ಲಿ. ಹಾಡು ಅಲ್ಲಿದೆ, ಅಲ್ಲಿ ಮಾತ್ರ ಇದೆ, ಜೇವರ್ಗಿಯನ್ನು ಮರಳಿ ಕೂಡಿಸಿದೊಡನೆ ಎರಡರ ಮಾತೇ ನಿಜ, ಒಂಟಿಯಾಗಿದ್ದದ್ದು ತನ್ನದೆಲ್ಲ ಅಳಿಸಿ ಇವುಗಳದ್ದನ್ನು ತುಂಬಿಕೊಳ್ಳುತ್ತದೆ — ಅದಕ್ಕೂ ಮೊದಲು ಪ್ರತಿ ತೆಗೆದರಾಯಿತು, ಒಂದು ಪೆನ್‌ಡ್ರೈವಿನ ಕೆಲಸ, ಎತ್ತು ಮುಜೀಬ, ಆ ಯಂತ್ರ ಕಾಯುವುದಕ್ಕೇ ನಿನಗೆ ಪಗಾರ, ಫೋನು ಎತ್ತು, ರಿಂಗಾಗುತ್ತದೆ, ನಿಲ್ಲುತ್ತದೆ, ಮತ್ತೆ — ಸಲಾಂರಿ ಮೇಡಂ, ನಾನೇ ಮಾಡಾವಿದ್ದೆ — ಮುಜೀಬ, ಸರ್ವರ್ ಮುಟ್ಟಬ್ಯಾಡ, ನಾ ಬರ್ತೇನಿ — ಫಿಕರ್ ಮಾಡಬ್ಯಾಡ್ರಿ, ನೀವು ಹೇಳಿದ್ರಂತ ನರಸಿಂಹ ಸಾಹೇಬ್ರು ಈಗ ಫೋನ್ ಮಾಡಿದ್ರು, ಹಿಂದ ವೈರ್ ಸಡ್ಲ ಆಗಿತ್ರಿ, ಇಲಿ ಎಳದಿತ್ತು ಕಾಣ್ತದ, ಒತ್ತೇನಿ, ಖಟ್ ಅಂತು, ಬಂತೇನ್ ನೋಡ್ರಿ — ಬಂತು, ಬೂದು ಹಳದಿಯಾಗುತ್ತಿದೆ, ವೈರ್ ಎಳಿ ಎನ್ನಬೇಕು, ಎಳೆದರೂ ಏನು, ಅಳಿಸುವುದೇ ಮರಳಿ ಕೂಡಿದ ಯಂತ್ರದ ಮೊದಲ ಕೆಲಸ, ಹಲೋ ಮೇಡಂ, ಹಲೋ, ಬಾಗಿಲಲ್ಲಿ ನರಸಿಂಹ, ನೋಡವ್ವಾ, ಏನೂ ಹೋಗಿಲ್ಲ, ಎಲ್ಲಾ ಬರೋಬ್ಬರಿ ಆಯ್ತು, ಪದದಲ್ಲಿ ಅವಳ ಹೆಸರು ಎಲ್ಲಿ ಬರುತ್ತಿತ್ತೋ, ಅವನ ಸೊಲ್ಲಿಗೆ ಮೊದಲೋ, ಆಮೇಲೋ, ಆಳಂದ ಹಸಿರು, ಅಫಜಲಪುರ ಹಸಿರು, ಇದ್ದಿ ಏನ್, ಇದ್ದೇನಿ, ಇದ್ದಿ ಏನ್ — ಜೇವರ್ಗಿ ಹಸಿರು