ಮತ ಹಾಕಿ ಮನೆಗೆ ಹೋದ ದಾರಿ

೧೯೫೨ರ ಚುನಾವಣೆಗೆ ಸೂಡಿಯ ಶಾಲೆಯೇ ಮತಗಟ್ಟೆಯಾಗಿತ್ತು. ಆಗ ಪರದೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಡುತ್ತಿದ್ದರು. ಊರಿನ ಜಮೀನ್ದಾರರೂ ಚುನಾವಣೆಗೆ ನಿಂತಿದ್ದರು. ಅವರ ಆಳು ಅರ್ಜುನಪ್ಪ ಹಿಂದಿನ ದಿನವೇ ವಿಧವೆ ತಿಪ್ಪವ್ವನ ಬಾಗಿಲಿಗೆ ಬಂದು ಹೇಳಿದ್ದ: "ಧಣ್ಯಾರ ಪೆಟ್ಟಿಗ್ಯಾಗ ಚೀಟಿ ಹಾಕು. ಇಲ್ಲಂದ್ರ ಈ ಊರಾಗ ಹ್ಯಾಂಗ ಇರ್ತಿ ನೋಡತೇವಿ."

ತಿಪ್ಪವ್ವ ಚೀಟಿ ಹಿಡಿದು ಮತಗಟ್ಟೆಯ ಅಧಿಕಾರಿ ವಾಸುದೇವರಾಯರನ್ನು ಕೇಳಿದಳು: "ಸಾಹೇಬ್ರ, ನಾ ಯಾವ ಪೆಟ್ಟಿಗ್ಯಾಗ ಹಾಕಿದ್ನಿ ಅಂತ ಯಾರಿಗರ ತಿಳಿತೈತೇನ್ರಿ?"

"ಪರದೆ ಅದ, ಅವ್ವಾ. ನನಗೂ ತಿಳಿಯೂದಿಲ್ಲ."

"ಹೊರಗ ಹೋದಮ್ಯಾಲ ನನ್ನ ಕಾಯವ್ರು ಯಾರ್ರಿ?"

ರಾಯರು ಪರದೆಯ ಕಡೆಗೆ ಕೈ ತೋರಿಸಿದರು.

ಅವಳು ಪರದೆಯ ಹಿಂದೆ ಹೋಗಿ, ಧಣಿಯ ಪೆಟ್ಟಿಗೆ ಬಿಟ್ಟು ಇನ್ನೊಂದಕ್ಕೆ ಚೀಟಿ ಹಾಕಿದಳು. ಹೊರಗೆ ಅರ್ಜುನಪ್ಪ ದಾರಿ ಕಾಯುತ್ತಿದ್ದ. ಅವನನ್ನು ಕಂಡು ಅವಳು ಹಿಂದಕ್ಕೆ ಸರಿದಳು. ಶಾಲೆಯ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ನೆರೆಮನೆಯ ಕರೆವ್ವ ಮತ ಹಾಕಿ ಬಂದು ಕೇಳಿದಳು: "ಮನಿಗಿ ಬರೂದಿಲ್ಲೇನ?"

"ಓಣಿಯವ್ರೆಲ್ಲಾ ಹಾಕಿ ಬರ್ಲಿ, ಕೂಡೇ ಹೋಗೂಣು."

ಕರೆವ್ವ ದಾರಿಯಲ್ಲಿ ನಿಂತವನನ್ನು ನೋಡಿ, ಏನೂ ಕೇಳದೆ ಪಕ್ಕದಲ್ಲಿ ಕುಳಿತಳು. ಆಮೇಲೆ ಬಂದ ಹೆಂಗಸರೂ ಕುಳಿತರು. ಕಟ್ಟೆ ತುಂಬಿದಾಗ ಎಲ್ಲರೂ ಒಟ್ಟಿಗೆ ಎದ್ದರು.

"ಯಾರಿಗಿ ಹಾಕಿದ್ರಿ?" ಎಂದು ಅರ್ಜುನಪ್ಪ ಅಡ್ಡ ಬಂದ. ಯಾರೂ ಬಾಯಿ ಬಿಡಲಿಲ್ಲ. ಒಬ್ಬೊಬ್ಬರ ಮುಖ ನೋಡಿ ಅವನು ಸರಿದು ನಿಂತ.

ಧಣಿ ಗೆದ್ದೇ ಬಂದರು. ಆದರೂ ಅರ್ಜುನಪ್ಪನ ಬೆದರಿಕೆ ಮರೆಯದೆ ಕೆಲವು ದಿನ ತಿಪ್ಪವ್ವ ಕರೆವ್ವನ ಮನೆಯಲ್ಲೇ ಮಲಗಿದಳು, ಹೆಂಗಸರು ನೀರಿಗೂ ಗುಂಪಾಗಿಯೇ ಹೋದರು. ಯಾರೂ ಅವರ ತಂಟೆಗೆ ಬರಲಿಲ್ಲ.