ಹೆಣ್ಣಿಲಿಗಳ ಕೋಣೆ

"ಹೆಣ್ಣು ಅಂದ್ರೆ ಬರೀ ಗದ್ದಲ ಅಂತೆ ಕಣೇ!" ಎನ್ನುತ್ತ ನನ್ನ ತಂಗಿ ಥೆಯಾನೋ ಪಾರ್ಲರಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ನಾನು ನನ್ನ ಹಳೆಯ ಗಿರಾಕಿ, ಗೆಳತಿ ಎವ್ದೋಕಿಯಾಳ ತಲೆಗೆ ಬಣ್ಣ ಹಚ್ಚುತ್ತಿದ್ದೆ. ಅವಳೂ ನಾನೂ ಕನ್ನಡಿಯಲ್ಲೇ ಥೆಯಾನೋಳ ಮುಖ ನೋಡಿದೆವು. ಕೆಂಡವಾಗಿತ್ತು.

"ಯಾರೇ ಹಾಗಂದಿದ್ದು?" ಎಂದೆ.

"ವಾರ್ದಾಸ್. ಇನ್ಯಾರು? ಹೆಣ್ಣಿಲಿಗಳನ್ನ ಸೇರಿಸಿದ್ರೆ ಲೆಕ್ಕದಲ್ಲಿ ಗದ್ದಲ ಆಗುತ್ತಂತೆ. ಅವುಗಳಿಗೆ ಋತುಚಕ್ರ ಇದೆ, ಇವತ್ತು ಒಂದು ಥರ, ನಾಳೆ ಒಂದು ಥರ, ನಂಬೋಕಾಗಲ್ಲ ಅಂತ."

"ಅವನ ತಾಯಿ ಯಾವ ಜಾತಿ ಇಲಿ ಅಂತ ಕೇಳ್ಬೇಕಿತ್ತು ನೀನು" ಎಂದಳು ಎವ್ದೋಕಿಯಾ.

ನಮ್ಮ ಯಾನಿನಾ ಊರಿನಲ್ಲಿ, ಕೋಟೆಗೋಡೆಯ ಕೆಳಗಿನ ಓಣಿಯಲ್ಲಿ ನನ್ನ ಪಾರ್ಲರ್ ಇದೆ. ಓದು ನನಗೆ ಹತ್ತಲಿಲ್ಲ, ಕತ್ತರಿ ಹಿಡಿದೆ. ಥೆಯಾನೋ ಓದಿದಳು, ಓದುತ್ತಲೇ ಹೋದಳು, ಕೊನೆಗೆ ಊರಾಚೆಯ ಗುಡ್ಡದ ಮೇಲಿನ ಸಂಶೋಧನಾಲಯದಲ್ಲಿ ಕೆಲಸಕ್ಕೆ ಸೇರಿದಳು. ಮರೆವಿನ ರೋಗ ಬರುವಂತೆ ಹುಟ್ಟಿಸಿದ ಇಲಿಗಳನ್ನು ಸಾಕಿ, ಆ ರೋಗ ಮಿದುಳನ್ನು ಹೇಗೆ ತಿನ್ನುತ್ತದೆಂದು ನೋಡುವುದು ಅವಳ ಕೆಲಸ. ಅಲ್ಲಿನ ಮುಖ್ಯಸ್ಥ ಪ್ರೊಫೆಸರ್ ಸ್ತ್ರಾತಿಸ್ ವಾರ್ದಾಸ್. ಬಿಳಿಗಡ್ಡ, ಮೆದುಮಾತು, ಟೀವಿಯವರಿಗೆ ಅಚ್ಚುಮೆಚ್ಚು.

ಅದೇ ರೋಗ ನಮ್ಮ ಅಮ್ಮನಿಗೂ ಬಂದಿತ್ತು. ಅಮ್ಮನ ಹೆಸರು ಲಂಬ್ರಿನಿ; ನಮ್ಮೂರ ಸರೋವರದ ದೋಣಿಗಳಿಗೆ ಟಿಕೆಟ್ ಕೊಡುತ್ತಿದ್ದವಳು. ದ್ವೀಪಕ್ಕೆ ಹೋಗುವ ಸನ್ಯಾಸಿಯನ್ನಾಗಲಿ, ಊರಿನ ಮೇಯರನ್ನಾಗಲಿ ಟಿಕೆಟಿಲ್ಲದೆ ಹತ್ತಲು ಬಿಟ್ಟವಳಲ್ಲ. ಈಗ ನನ್ನನ್ನು ಒಮ್ಮೆ ಸರಿಯಾಗಿ ಯಾನೂಲಾ ಎನ್ನುತ್ತಾಳೆ, ಒಮ್ಮೆ ತನ್ನ ಸತ್ತುಹೋದ ಅಕ್ಕನ ಹೆಸರಿನಿಂದ ಕರೆಯುತ್ತಾಳೆ. ಆದರೆ ಬಾಗಿಲಲ್ಲಿ ಯಾರಾದರೂ ಕಾಣಿಸಿದರೆ ಮಾತ್ರ ಕೈಚಾಚಿ "ಟಿಕೆಟ್!" ಎನ್ನುವುದನ್ನು ಮರೆತಿಲ್ಲ.

ವಾರ್ದಾಸ್ ಒಂದು ಪುಡಿ ಮಾಡಿಸಿದ್ದ. ಅದರ ಹಿಂದಿನ ವಿಚಾರವನ್ನು ಥೆಯಾನೋ ನನಗೆ ಒಲೆಯ ಮುಂದೆ ಕೂತು ಬಿಡಿಸಿ ಹೇಳಿದ್ದಳು. ಮಿದುಳಿಗೆ ಸಕ್ಕರೆಯೇ ಸೌದೆ. ಈ ರೋಗದಲ್ಲಿ ಸೌದೆ ಇದ್ದರೂ ಒಲೆ ಹತ್ತಿಕೊಳ್ಳುವುದಿಲ್ಲ. ಹಾಗಾದರೆ ಸಕ್ಕರೆಯ ಬದಲು ಕೊಬ್ಬನ್ನು ಉರಿಸೋಣ ಎಂದು ಆ ಕೊಬ್ಬಿನ ಪುಡಿ. ಅದನ್ನು ತಿಂದ ಇಲಿಗಳು ಚುರುಕಾದವು. ದುಂಡನೆಯ ತೊಟ್ಟಿಯ ನೀರಿಗೆ ಬಿಟ್ಟರೆ, ನೀರಿನಡಿ ಅಡಗಿಸಿಟ್ಟ ಹಲಗೆ ಎಲ್ಲಿದೆಯೆಂದು ನೆನಪಿಟ್ಟುಕೊಂಡು ನೇರ ಈಜಿಹೋಗಿ ಹತ್ತಿ ನಿಂತವು. ಪತ್ರಿಕೆಗಳಲ್ಲಿ ಬಂತು. ಟೀವಿಯಲ್ಲಿ ಬಂತು. ಪುಡಿ ಔಷಧಿಯಲ್ಲ, ಬರೀ ಆಹಾರವಾದ್ದರಿಂದ ಹೆಚ್ಚು ತಕರಾರಿಲ್ಲದೆ ನಮ್ಮೂರಿನ ಮರೆವಿನ ರೋಗಿಗಳ ಹಗಲು ಕೇಂದ್ರಕ್ಕೂ ಬಂತು. ಅಮ್ಮ ಅಲ್ಲಿಗೆ ಹೋಗುತ್ತಿದ್ದಳು. ಅವಳ ಕುರಿಮೊಸರಿಗೆ ನಾನೇ ದಿನವೂ ಬೆರೆಸಿ ತಿನ್ನಿಸುತ್ತಿದ್ದೆ. ಥೆಯಾನೋಳೂ ಒಳ್ಳೆಯದೆಂದೇ ನಂಬಿದ್ದಳು.

ಆದರೆ ಒಂದು ದಿನ ಅಮ್ಮನನ್ನು ಕರೆತರಲು ಕೇಂದ್ರಕ್ಕೆ ಹೋದವಳು ಸುತ್ತ ನೋಡಿದಳಂತೆ. ಕೂತವರಲ್ಲಿ ಮುಕ್ಕಾಲು ಪಾಲು ಮುದುಕಿಯರು. ಸಂಶೋಧನಾಲಯದಲ್ಲಿ ಪುಡಿ ತಿಂದಿದ್ದವು ಬರೀ ಎಳೆಯ ಗಂಡಿಲಿಗಳು. ಮರುದಿನವೇ ವಾರ್ದಾಸನನ್ನು ಕೇಳಿದಳು. ಅವನು ಕೈಬೀಸಿ, "ಹಿಂದಿನ ಕೋಣೆ ಖಾಲಿ ಇದೆ, ಬೇಕಾದ್ರೆ ನಿನ್ನ ಅಜ್ಜಿಯಿಲಿಗಳನ್ನ ಅಲ್ಲಿ ಸಾಕ್ಕೋಮ್ಮ" ಎಂದು ನಕ್ಕಿದ್ದ.

ಅವಳು ಸಾಕಿದಳು. ಇಲಿಗೆ ವಯಸ್ಸಾಗಲು ಹೆಚ್ಚು ಕಾಲ ಬೇಡ; ಒಂದೂವರೆ ವರ್ಷಕ್ಕೆ ಅಜ್ಜಿ. ಮರಿ ಹಾಕಿಸಲು ಇಟ್ಟುಕೊಂಡು ಹಾಗೆ ಮುದಿಯಾಗಿದ್ದ ಹೆಣ್ಣುಗಳನ್ನು ಕೂಡಿಹಾಕಿ, ಅರ್ಧಕ್ಕೆ ಪುಡಿ ಕೊಟ್ಟು ಅರ್ಧಕ್ಕೆ ಕೊಡದೆ ಕಾದಳು. ಪುಡಿ ತಿಂದವು ಊದಿಕೊಂಡವು. ರಕ್ತದಲ್ಲಿ ಸಕ್ಕರೆ ಇಳಿಯದೆ ನಿಂತಿತು. ನೀರಿಗೆ ಬಿಟ್ಟರೆ ಹಲಗೆಯ ಪಕ್ಕದಲ್ಲೇ ಸುತ್ತುತ್ತಿದ್ದವು, ಕಾಣುತ್ತಿರಲಿಲ್ಲ. ಇಲಿಗೆ ಒಂದು ತುಂಡು ಹತ್ತಿ ಕೊಟ್ಟರೆ ಅದನ್ನು ಎಳೆಎಳೆಯಾಗಿ ಕಿತ್ತು ಗೂಡು ಮಾಡಿಕೊಳ್ಳುವುದು ಹುಟ್ಟುಗುಣ. ಇವು ಹತ್ತಿಯನ್ನು ಮೂಸಿ ನೋಡಿ, ಅಲ್ಲೇ ಬಿಟ್ಟು, ಮೂಲೆಯಲ್ಲಿ ಬರಿನೆಲದ ಮೇಲೆ ಮಲಗುತ್ತಿದ್ದವು. ಪುಡಿ ತಿನ್ನದ ಅಜ್ಜಿಯಿಲಿಗಳ ಗತಿ ಇದಕ್ಕಿಂತ ಎಷ್ಟೋ ಮೇಲಾಗಿತ್ತು.

ಲೆಕ್ಕವೆಲ್ಲ ಸೇರಿಸಿ ಖಾತರಿಯಾದ ದಿನವೇ ಇದನ್ನು ತಿಳಿಸಲು ಹೋದಾಗ ವಾರ್ದಾಸ್ ಗದ್ದಲದ ಮಾತಾಡಿದ್ದು.

"ಗಂಡಿಗೂ ಹೆಣ್ಣಿಗೂ ಅಷ್ಟು ವ್ಯತ್ಯಾಸ ಯಾಕೆ ಬರುತ್ತೆ?" ಎಂದೆ ನಾನು.

"ಋತುಚಕ್ರ ನಿಂತ್ಮೇಲೆ ಹೆಣ್ಣಿನ ಮೈ ಸಕ್ಕರೆ, ಕೊಬ್ಬು ಎರಡನ್ನೂ ಬೇರೆ ಥರ ಉರಿಸೋಕೆ ಶುರು ಮಾಡುತ್ತೆ. ಮಿದುಳೂ ಅಷ್ಟೇ. ಎಳೇ ಗಂಡಿಲಿಗೆ ಹಿಡಿಸಿದ್ದು ಮುದಿ ಹೆಣ್ಣಿಗೆ ವಿಷ ಆಗ್ಬಹುದು."

"ಅದನ್ನ ತಿಳ್ಕೊಳ್ಳೋಕೆ ಇಲಿ ಬೇಕಿತ್ತಾ?" ಎಂದಳು ಎವ್ದೋಕಿಯಾ. "ನನ್ನ ಕೇಳಿದ್ರೆ ಬಿಟ್ಟಿ ಹೇಳ್ತಿದ್ದೆ. ಐವತ್ತು ದಾಟಿದ್ಮೇಲೆ ನೀರು ಕುಡಿದ್ರೂ ಸೊಂಟಕ್ಕೇ ಹೋಗಿ ಕೂರುತ್ತೆ." ಆಮೇಲೆ ಅವಳ ನಗು ನಿಂತಿತು. "ತಡಿ. ನಮ್ಮನೇಲಿ ನಮ್ಮಮ್ಮನೂ ಅದೇ ಪುಡಿ ತಿಂತಿದಾಳಲ್ಲೇ."

ನಾನು ಬಣ್ಣದ ಬ್ರಷ್ ಬಟ್ಟಲಿಗೆ ಹಾಕಿದೆ; ನನಗೆ ನೆನಪಾದವಳು ನಮ್ಮ ಅಮ್ಮ. ಚಳಿಗಾಲದಿಂದೀಚೆಗೆ ಅಮ್ಮನ ಸ್ಕರ್ಟುಗಳ ಗುಂಡಿ ಕೂರುತ್ತಿರಲಿಲ್ಲ. ಊಟವಾದ ಮೇಲೆ ಮಂಕು ಕವಿದಂತೆ ಕೂರುತ್ತಿದ್ದಳು. ಬಚ್ಚಲಮನೆಯ ಬಾಗಿಲು ಕಾಣದೆ ಗೋಡೆ ತಡವುತ್ತಿದ್ದಳು. ರೋಗ ಮುಂದುವರಿದಿದೆ ಎಂದು ಎಲ್ಲರೂ ಹೇಳಿದ್ದರು, ನಾನೂ ನಂಬಿದ್ದೆ.

ಪುಡಿಯ ಡಬ್ಬಿಯನ್ನು ಅಂದು ಸಂಜೆಯೇ ಕಸಕ್ಕೆ ಹಾಕಿದೆವು. ಮರುದಿನ ಅಮ್ಮನ ರಕ್ತ ಪರೀಕ್ಷೆ ಮಾಡಿಸಿದೆವು. ಎಂದೂ ಇಲ್ಲದ ಸಕ್ಕರೆ ಏರಿ ಕೂತಿತ್ತು. ನಾನು ಅಂಗಡಿಗೆ ಬೀಗ ಹಾಕಿ ಥೆಯಾನೋಳ ಜೊತೆ ಗುಡ್ಡ ಹತ್ತಿದೆ.

ವಾರ್ದಾಸ್ ಎದ್ದು ನಿಂತು ಬರಮಾಡಿಕೊಂಡ. ಕಾಫಿ ತರಿಸಿದ. ಅಮ್ಮನ ಆರೋಗ್ಯ ವಿಚಾರಿಸಿದ. ಅವನ ಆ ವಿನಯ ನೋಡಿಯೇ ನನ್ನ ಮೈ ಉರಿಯಿತು.

"ನೋಡೀಮ್ಮಾ," ಎಂದ, "ಥೆಯಾನೋ ಒಳ್ಳೇ ಹುಡುಗಿ, ಕಷ್ಟಪಟ್ಟು ಕೆಲ್ಸ ಮಾಡ್ತಾಳೆ. ಆದ್ರೆ ಒಂದು ಕೋಣೆ ಇಲಿ ನೋಡಿ ಊರಿಗೆಲ್ಲ ಗಾಬರಿ ಹುಟ್ಟಿಸೋಕಾಗುತ್ತಾ? ಹೆಣ್ಣಿಲಿ ವಿಷಯ ಮುಂದಿನ ಲೇಖನದಲ್ಲಿ ಹಾಕೋಣ. ಎಷ್ಟಾದ್ರೂ ಇಲಿ ಇಲಿನೇ, ಮನುಷ್ಯರು ಮನುಷ್ಯರೇ."

"ಗಂಡಿಲಿ ಚುರುಕಾದಾಗ ಹೀಗನ್ನಲಿಲ್ಲ ನೀವು," ಎಂದಳು ಥೆಯಾನೋ. "ಆಗ ಇಲಿಗೂ ಮನುಷ್ಯನಿಗೂ ವ್ಯತ್ಯಾಸವೇ ಇಲ್ಲ ಅಂದ್ರಿ. ಟೀವಿಲಿ ಅಂದ್ರಿ. ಹೆಣ್ಣಿಲಿ ಕೆಟ್ಟ ತಕ್ಷಣ ಇಲಿ ಬರೀ ಇಲಿ ಆಗೋಯ್ತಾ ಸಾರ್?"

"ಒಂದು ಗುಂಪು ನಮಗೆ ಸ್ಪಷ್ಟವಾಗಿ ಉತ್ತರ ಕೊಡ್ತು. ಇನ್ನೊಂದರಲ್ಲಿ ಗದ್ದಲ ಜಾಸ್ತಿ. ವಿಜ್ಞಾನ ಅಂದ್ರೆ ಗದ್ದಲ ಕಮ್ಮಿ ಮಾಡೋದು."

"ನಮ್ಮಮ್ಮ ನಿಮಗೆ ಗದ್ದಲನಾ ಪ್ರೊಫೆಸರ್ರೇ?" ಎಂದೆ. "ದೋಣಿಕಟ್ಟೆಯಲ್ಲಿ ಗದ್ದಲ ಮಾಡ್ತಿದ್ಳು, ನಿಜ. ಆದ್ರೆ ನೀವು ಡಬ್ಬಿ ಕೊಟ್ಟಾಗ ಕೈ ನೀಡಿದ್ದು ಅವಳೇ. ಆಗ ಅವಳು ಹೆಣ್ಣು ಅಂತ ಕಾಣಿಸಲಿಲ್ವಾ ನಿಮಗೆ?"

ಅವನು ಕಾಫಿ ಬಟ್ಟಲನ್ನು ತಟ್ಟೆಯ ಮೇಲಿಟ್ಟ. ಮುಂದಿನ ಮಾತು ನನಗಲ್ಲ, ಥೆಯಾನೋಳಿಗೆ. ಹಿಂದಿನ ಕೋಣೆ ಸೋಮವಾರ ಖಾಲಿಯಾಗಬೇಕು, ಹೊಸ ಗಂಡಿಲಿಗಳು ಬರುತ್ತಿವೆ; ಮುದಿ ಇಲಿಗಳನ್ನು ಮುಗಿಸಿ, ಮಿದುಳು ಗಿದುಳು ನೋಡದೆ ಎಸೆಯಬೇಕು. ಅವಳ ಕೆಲಸದ ಕರಾರೂ ಬೇಸಿಗೆಗೆ ಮುಗಿಯುತ್ತಿದೆ ಎಂದು ಮೆಲ್ಲಗೆ ನೆನಪಿಸಿದ. ಇಷ್ಟನ್ನೂ ನಗುಮುಖದಿಂದಲೇ ಹೇಳಿದ.

ಇಳಿದು ಬರುವಾಗ ಥೆಯಾನೋ ಅತ್ತಳು. "ಅವುಗಳನ್ನ ಕೊಲ್ಲೋದು ನನ್ನ ಕೆಲ್ಸದ ಭಾಗವೇ ಕಣೇ ಯಾನೂಲಾ, ಅದಕ್ಕೆ ಅಳ್ತಿಲ್ಲ. ಕೊನೆಗೆ ಅವುಗಳ ಮಿದುಳು ನೋಡಿ, ಅವು ಕೊಟ್ಟಿದ್ದನ್ನ ಬರೆದಿಡ್ತೀವಿ. ಅದು ಅವುಗಳಿಗೆ ನಾವು ತೋರಿಸೋ ಮರ್ಯಾದೆ. ಇವನು ಅದನ್ನೂ ಬೇಡ ಅಂತಾನೆ. ಹುಟ್ಟೇ ಇರಲಿಲ್ಲ ಅನ್ನೋ ಹಾಗೆ."

"ನೋಡ್ತೀಯಾ ಅವುಗಳ ಮಿದುಳನ್ನ?"

"ನೋಡೇ ನೋಡ್ತೀನಿ. ಭಾನುವಾರ ಹೋಗ್ತೀನಿ."

ಹೋದಳು. ಒಂದನ್ನೂ ಬಿಡದೆ ನೋಡಿದಳು. ಪುಡಿ ತಿಂದ ಅಜ್ಜಿಯಿಲಿಗಳ ಮಿದುಳಿನಲ್ಲಿ ರೋಗದ ಗಂಟುಗಳು ಉಳಿದವಕ್ಕಿಂತ ದಟ್ಟವಾಗಿದ್ದವು.

ಅಷ್ಟರಲ್ಲಿ ನಾನು ನನಗೆ ಗೊತ್ತಿದ್ದ ಕೆಲಸ ಮಾಡಿದೆ. ಪಾರ್ಲರಿಗೆ ಬಂದ ಪ್ರತಿ ಹೆಂಗಸಿಗೂ, ತಲೆ ತೊಳೆಯುತ್ತ, ಕೂದಲು ಕತ್ತರಿಸುತ್ತ, ಹೇಳಿದೆ: ನಿಮ್ಮಮ್ಮ, ನಿಮ್ಮತ್ತೆ, ನಿಮ್ಮ ದೊಡ್ಡಮ್ಮ ಆ ಪುಡಿ ತಿನ್ನುತ್ತಿದ್ದರೆ ತೂಕ ನೋಡಿ, ರಕ್ತ ಪರೀಕ್ಷೆ ಮಾಡಿಸಿ. ನಮ್ಮೂರಲ್ಲಿ ಪತ್ರಿಕೆಗಿಂತ ಪಾರ್ಲರ್ ಬೇಗ ಮುಟ್ಟುತ್ತದೆ. ಮುಂದಿನ ವಾರ ಹಗಲು ಕೇಂದ್ರದಲ್ಲಿ ರೋಗಿಗಳ ಮನೆಯವರ ಸಭೆ ಇತ್ತು; ವಾರ್ದಾಸ್ ಮಾತಾಡುವವನಿದ್ದ. ಕುರ್ಚಿಗಳು ಸಾಲದೆ ಹೆಂಗಸರು ಗೋಡೆಗೊರಗಿ ನಿಂತರು.

ಅವನು ಗೋಡೆಯ ಮೇಲೆ ಚಿತ್ರ ಮೂಡಿಸಿದ. ಗೆರೆ ಏರುತ್ತ ಹೋಗಿತ್ತು. "ಇದು ನಮ್ಮ ಇಲಿಗಳ ನೆನಪು" ಎಂದ.

ಎವ್ದೋಕಿಯಾ ಎದ್ದಳು. "ಪ್ರೊಫೆಸರ್ರೇ, ಆ ಇಲಿಗಳಲ್ಲಿ ಹೆಣ್ಣೆಷ್ಟು?"

"ಅದು ಸ್ವಲ್ಪ ತಾಂತ್ರಿಕ ವಿಷಯಮ್ಮ."

"ಹೆಣ್ಣೋ ಗಂಡೋ ಅನ್ನೋದು ತಾಂತ್ರಿಕ ವಿಷಯನಾ? ನಮ್ಮನೆ ಸೂಲಗಿತ್ತಿ ಒಂದೇ ಸಲ ನೋಡಿ ಹೇಳ್ಬಿಡ್ತಿದ್ಳು."

ಸಭೆ ನಕ್ಕಿತು. ಅವನೂ ನಗಲು ನೋಡಿದ. ಆಗ ನಡುಸಾಲಿನಲ್ಲಿ ಕೂತಿದ್ದ ಅಮ್ಮ ಎದ್ದು ನಿಂತಳು. ಯಾರೋ ಎತ್ತರದಲ್ಲಿ ನಿಂತಿರುವುದು ಕಂಡು ಏನೆಂದುಕೊಂಡಳೋ, ಹಳೆಯ ದೋಣಿಕಟ್ಟೆಯ ಗಂಟಲಿನಲ್ಲಿ ಕೂಗಿದಳು. "ಏಯ್ ಗಡ್ಡದವನೇ! ಟಿಕೆಟ್ ತಗೊಂಡ್ಯಾ? ಇಲ್ಲಾಂದ್ರೆ ಇಳಿ ಕೆಳಗೆ! ಬಿಟ್ಟಿ ಹತ್ತೋಕೆ ನಿಮ್ಮಪ್ಪನ ದೋಣಿನಾ ಇದು?"

ಈ ಸಲ ಯಾರೂ ನಗಲಿಲ್ಲ. ಒಬ್ಬಳು ತನ್ನ ತಾಯಿಯ ರಕ್ತದ ಸಕ್ಕರೆ ಎಷ್ಟೆಂದು ಕೂಗಿ ಹೇಳಿದಳು. ಇನ್ನೊಬ್ಬಳು, ಮತ್ತೊಬ್ಬಳು. ಥೆಯಾನೋ ಗೋಡೆಯ ಹತ್ತಿರ ಹೋಗಿ, ತನ್ನ ಕೋಣೆಯ ಇಲಿಗಳಿಗೆ ಏನಾಯಿತೆಂದು ಮೊದಲಿನಿಂದ ಕೊನೆಯವರೆಗೆ, ದನಿ ಏರಿಸದೆ ಹೇಳಿದಳು. ಪುಡಿ ಗಂಡಸರಿಗೆ ಒಳ್ಳೆಯದಿರಬಹುದು, ತನಗೆ ಗೊತ್ತಿಲ್ಲ. ಮುದುಕಿಯರಿಗೆ ಒಳ್ಳೆಯದೆಂದು ಯಾರಿಗೂ ಗೊತ್ತಿಲ್ಲ, ಕೇಡೆಂದು ತಾನು ಕಂಡಿದ್ದೇನೆ ಎಂದಳು. ಕೇಂದ್ರದ ವೈದ್ಯೆ ಇಷ್ಟೂ ಹೊತ್ತು ತಲೆ ತಗ್ಗಿಸಿ ಕೂತಿದ್ದವಳು ಎದ್ದು, "ಇವತ್ತಿಂದ ಹೆಂಗಸರಿಗೆ ಪುಡಿ ನಿಲ್ಲಿಸ್ತೀನಿ" ಎಂದಳು. ವಾರ್ದಾಸ್ ತನ್ನ ಪ್ರೊಜೆಕ್ಟರಿನ ತಂತಿಗಳನ್ನು ಸುತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಗೆದ್ದೆವು ಎಂದುಕೊಂಡೆ. ಗೆದ್ದದ್ದು ಅಷ್ಟೇ. ಬೇಸಿಗೆಯಲ್ಲಿ ಥೆಯಾನೋಳ ಕರಾರು ಮುಗಿಯಿತು, ಮುಂದುವರಿಯಲಿಲ್ಲ. ವಾರ್ದಾಸನ ಲೇಖನ ಹೊರಬಂತು. ತಲೆಬರಹದಲ್ಲಿ "ಇಲಿಗಳಲ್ಲಿ" ಎಂದಿತ್ತು. "ಗಂಡು" ಎಂಬ ಪದ ಒಳಗೆಲ್ಲೋ, ಸಣ್ಣ ಅಕ್ಷರದಲ್ಲಿ. ಥೆಯಾನೋ ಒಂದು ವರ್ಷ ಮಕ್ಕಳಿಗೆ ಮನೆಪಾಠ ಹೇಳಿ ಬದುಕಿದಳು. ಕೊನೆಗೆ ಪಾತ್ರಾ ಎಂಬ ಊರಿನ ಸಂಶೋಧಕಿಯೊಬ್ಬಳು, ಅವಳು ಬರೆದು ಕಳಿಸಿದ್ದ ಅಜ್ಜಿಯಿಲಿಗಳ ಫಲಿತಾಂಶ ಓದಿ, ತನ್ನಲ್ಲಿಗೆ ಕರೆಸಿಕೊಂಡಳು. ಅಲ್ಲಿ ಈಗ ಗಂಡು, ಹೆಣ್ಣು, ಎಳೆಯವು, ಮುದಿಯವು ಎಲ್ಲಕ್ಕೂ ಪಂಜರಗಳಿವೆ.

ಪುಡಿ ಬಿಟ್ಟ ಮೇಲೆ ಅಮ್ಮನ ಮೈ ಇಳಿಯಿತು, ಊಟದ ನಂತರದ ಮಂಕು ಹೋಯಿತು. ಹೋದ ನೆನಪು ಬರಲಿಲ್ಲ. ಬರುತ್ತದೆಂದು ಯಾರೂ ಹೇಳಿಯೂ ಇರಲಿಲ್ಲ. ಅದರಲ್ಲಿ ರೋಗ ತಿಂದದ್ದೆಷ್ಟು, ಪುಡಿ ತಿಂದದ್ದೆಷ್ಟು ಎಂದು ಬೇರ್ಪಡಿಸಿ ಹೇಳಬಲ್ಲವರು ಯಾರೂ ಇಲ್ಲ. ಅದೇ ನನ್ನನ್ನು ಸುಡುವುದು. ಕೇಳೋಣವೆಂದರೆ ವಾರ್ದಾಸನಿಗೂ ಗೊತ್ತಿಲ್ಲ, ನೋಡಬೇಕಾದಾಗ ನೋಡಲಿಲ್ಲವಲ್ಲ.

ಹೋದ ತಿಂಗಳು ಪಾರ್ಲರಿನ ಟೀವಿಯಲ್ಲಿ ಮತ್ತೆ ಆ ಬಿಳಿಗಡ್ಡ ಕಾಣಿಸಿತು. ಏನೋ ಪ್ರಶಸ್ತಿ. ಸಂದರ್ಶನ ಮಾಡುತ್ತಿದ್ದ ಹುಡುಗಿ ಮುಂದಿನ ಯೋಜನೆ ಏನೆಂದು ಕೇಳಿದಳು. "ಹೆಣ್ಣಿನ ಮಿದುಳು" ಎಂದ ಅವನು, ಎದೆಯ ಮೇಲೆ ಕೈಯಿಟ್ಟು. "ಈ ವಿಷಯವನ್ನು ನಮ್ಮ ಕ್ಷೇತ್ರ ಕಡೆಗಣಿಸಿದೆ. ನಾನು ಮೊದಲಿನಿಂದಲೂ ಇದನ್ನೇ ಹೇಳುತ್ತಾ ಬಂದಿದ್ದೇನೆ."

ನಾನು ಆ ಕ್ಷಣವೇ ಥೆಯಾನೋಳಿಗೆ ಫೋನು ಮಾಡಿದೆ. ಎಲ್ಲ ಕೇಳಿ ಅವಳು ಮನಸಾರೆ ನಕ್ಕಳು.

"ನಗ್ತೀಯಲ್ಲೇ! ನಿನ್ನ ಮಾತನ್ನ ಕದ್ದು ನಿನ್ನ ಮುಂದೇನೇ ಮಾರ್ತಿದಾನೆ!"

"ಮಾರ್ಕೊಳ್ಳಲಿ ಬಿಡೇ. ಹಂಗಾದ್ರೂ ಅಲ್ಲಿ ಹೆಣ್ಣಿಲಿಗಳಿಗೆ ಕೋಣೆ ಸಿಗುತ್ತೆ. ಈಗ ಇಡ್ತೀನಿ, ತೊಟ್ಟಿಗೆ ನೀರು ಬಿಡ್ಬೇಕು."

ಅವಳು ಆ ಸಿಟ್ಟನ್ನು ಬಿಟ್ಟಳು. ಅವಳದು ದೊಡ್ಡ ಮನಸ್ಸು, ಮೇಲಾಗಿ ಮಾಡಲು ಕೆಲಸವಿದೆ. ನಾನು ಬಿಟ್ಟಿಲ್ಲ. ಯಾರು ಬಂದು ಪಾರ್ಲರಿನ ಕುರ್ಚಿಯಲ್ಲಿ ಕೂತರೂ, ಕೊರಳಿಗೆ ಬಟ್ಟೆ ಸುತ್ತಿ, ಇದನ್ನೆಲ್ಲ ಮೊದಲಿನಿಂದ ಹೇಳುತ್ತೇನೆ.