ಕಿವಿಯಿಂದ ನೋಡಿದ ಸಿನಿಮಾ

"ಇವತ್ತು ನೀನು ಸೂಜಿ ಮುಟ್ಟಬೇಡ," ಎಂದು ಅಮ್ಮಿ ತಸ್ನೀಮಳ ಕೈಯಿಂದ ಸೂಜಿ ಕಿತ್ತುಕೊಂಡಳು. "ಗೋಡೆಗೊರಗಿ ಸುಮ್ಮನೆ ಕೂತಿರು. ಖುರ್ಷೀದ್ ಆಪಾ ಕೇಳಿದ್ರೆ ಮಾತ್ರ ಮಾತಾಡು. ಕೇಳಿದ್ರೂ ಜಾಸ್ತಿ ಬೇಡ."

"ಮಾತಾಡೋದಾ? ಇವಳಾ?" ಜರಿ ಕೆಲಸದ ಚೌಕಟ್ಟಿನ ಆಚೆಯಿಂದ ಜೊತೆಗೆಲಸದ ಬಿಲ್ಕೀಸ್ ನಕ್ಕಳು. "ಸಕ್ಕರೆ ತಳಕ್ಕಂಟಿದ ಡಬ್ಬಿ ಥರ ಇವಳು, ಖಾಲಾ. ಬುಡ ತಟ್ಟಿದ್ರೇನೇ ಒಂದು ಮಾತು ಉದುರೋದು."

ತಸ್ನೀಮ್ ಗೋಡೆಗೊರಗಿ ಕೂತಳು. ಖುರ್ಷೀದ್ ಬರುತ್ತಿರುವುದು ತನ್ನ ಅಣ್ಣನ ಮಗ ಮುಕ್ತದಿರ್‌ಗೆ ಹೆಣ್ಣು ಗೊತ್ತುಮಾಡಲು. ಮುಕ್ತದಿರನನ್ನು ತಸ್ನೀಮ್ ಒಂದೇ ಸಲ ನೋಡಿದ್ದಳು, ನೆಂಟರ ಮದುವೆಯಲ್ಲಿ, ಕಿಟಕಿಯ ಸಂದಿಯಿಂದ. ಬಡಿಸುತ್ತಿದ್ದ ಮುದುಕನ ಕೈಮೇಲೆ ಬೇಕೆಂದೇ ಬಿಸಿ ಸಾರು ಸುರಿದು, ಅವನು ಕೈ ಒದರಿಕೊಳ್ಳುವುದನ್ನು ಗೆಳೆಯರಿಗೆ ತೋರಿಸಿ ನಕ್ಕಿದ್ದ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಲು ಯಾರೂ ಕೇಳಿರಲಿಲ್ಲ.

ಟೀವಿಯಲ್ಲಿ ದಿನದಂತೆ ಅದೇ ಕ್ಯಾಸೆಟ್ಟು ತಿರುಗುತ್ತಿತ್ತು. ನವಾಬರ ಕಾಲದ ಪ್ರೇಮಕಥೆ. ಆ ಕೋಣೆಯಲ್ಲಿ ಟೀವಿ ಇದ್ದದ್ದು ಕಿವಿಗೆ. ಕಣ್ಣು ಮಖಮಲ್ಲಿನ ಮೇಲೆ. ಕತ್ತೆತ್ತಿದರೆ ಹೂವಿನ ಎಸಳು ಸೊಟ್ಟಗಾಗುತ್ತದೆ. ಎಳೆ ಮುಗಿದು ಹೊಸದನ್ನು ಪೋಣಿಸುವಾಗ ಕಂಡಷ್ಟೇ ಸಿನಿಮಾ. ಹಾಗಾಗಿ ಎಷ್ಟು ಸಲ ಹಾಕಿದರೂ ಅದು ಯಾರಿಗೂ ಮುಗಿದಿರಲಿಲ್ಲ. ಬಿಲ್ಕೀಸಳಿಗೆ ನಾಯಕನ ಕುದುರೆ ಚೆನ್ನಾಗಿ ಗೊತ್ತು, ಅವನ ಮೂಗು ಗೊತ್ತಿಲ್ಲ. "ನಿನ್ನೆ ಅವನ ತೋಟದಲ್ಲಿ ಒಂದು ಗಿಳಿ ಕಂಡೆ," ಎಂದು ಬೆಳಿಗ್ಗೆಯಷ್ಟೇ ಹೇಳಿದ್ದಳು. "ಇಷ್ಟು ದಿನ ಎಲ್ಲಿ ಸತ್ತಿತ್ತೋ."

ಖುರ್ಷೀದ್ ಬಂದು ಮಂಚದ ಮೇಲೆ ಕೂತಳು. ಪಕ್ಕದಲ್ಲಿ ಎಲೆಅಡಿಕೆಯ ಪಾನ್‌ದಾನ್, ಅದರ ಪಕ್ಕ ಕಲ್ಲುಸಕ್ಕರೆಯ ಪುಟ್ಟ ಬೆಳ್ಳಿ ಡಬ್ಬಿ. ಹುಡುಗಿಯ ಬಾಯಿಗೆ ಆ ಕಲ್ಲುಸಕ್ಕರೆ ಬಿದ್ದರೆ ಮದುವೆ ಗೊತ್ತಾದ ಹಾಗೆ. ಅಮ್ಮಿ ಟೀವಿ ಆರಿಸಲು ಎದ್ದಳು.

"ಇರಲಿ ಬಿಡು," ಖುರ್ಷೀದ್ ತಡೆದಳು. "ಮದುವೆಯಾದ ಹೊಸದರಲ್ಲಿ ಬುರ್ಖಾ ಹಾಕ್ಕೊಂಡು ಟಾಕೀಸಿಗೆ ಓಡಿ ಓಡಿ ನೋಡಿದ್ದು ಇದನ್ನೇ. ಇದರ ನಾಯಕಿಯಂಥ ಹುಡುಗೀರು ಈಗೆಲ್ಲಿದ್ದಾರೆ? ನಾಚಿಕೆ ಅಂದ್ರೆ ಅವಳದ್ದು."

"ನಮ್ಮವಳೂ ಹಾಗೇನೇ, ಆಪಾ. ಏಳನೇ ಕ್ಲಾಸಿಗೇ ಸ್ಕೂಲು ಬಿಡಿಸಿದ್ವಿ. ಯಾಕೆ ಅಂತ ಒಂದು ಮಾತು ಕೇಳಲಿಲ್ಲ."

ತಸ್ನೀಮಳ ಕಣ್ಣು ಟೀವಿಯ ಮೇಲಿತ್ತು. ಕೈ ಖಾಲಿ ಇದ್ದದ್ದರಿಂದ, ಮೊದಲ ಸಲ, ಅವಳು ಸಿನಿಮಾವನ್ನು ಬಿಡದೆ ನೋಡುತ್ತಿದ್ದಳು.

ನಿಕಾಹ್ ಬಂತು. ಅದು ಅವಳಿಗೆ ಬಾಯಿಪಾಠ. ಪರದೆಯ ಆಚೆಯಿಂದ ಖಾಜಿ ಕೇಳುತ್ತಾರೆ, ಒಪ್ಪಿಗೆಯೇ? ಮೌನ. ಮತ್ತೆ ಕೇಳುತ್ತಾರೆ. ಬಳೆಗಳ ಸದ್ದು. ಆ ಸದ್ದು ಬಂದಾಗಲೆಲ್ಲ ಚೌಕಟ್ಟಿನ ಸುತ್ತ ಎಲ್ಲರೂ ತುಟಿಯಲ್ಲೇ ನಗುತ್ತಿದ್ದರು: ನೋಡು, ನಾಚಿದಳು. ಮೂರನೆಯ ಸಲ ಕೇಳಿದ ಮೇಲೆ, "ಒಪ್ಪಿದಳು" ಎಂದು ಯಾರೋ ಹೆಂಗಸಿನ ದನಿ, ಆಮೇಲೆ ಶಹನಾಯಿ.

ಈಗ ಅವಳಿಗೆ ಬಳೆಗಳು ಕಂಡವು. ಮದುಮಗಳು ಕೈ ಬಿಡಿಸಿಕೊಳ್ಳಲು ನೋಡುತ್ತಿದ್ದಳು. ಸೋದರತ್ತೆಯೊಬ್ಬಳು ಅವಳ ಮಣಿಕಟ್ಟು ಹಿಡಿದಿದ್ದಳು. ಮುಸುಕಿನ ಮೇಲೆ ಅದೇ ಅತ್ತೆಯ ಇನ್ನೊಂದು ಕೈ ಬಂತು, ಸಾವಕಾಶವಾಗಿ ಆ ತಲೆಯನ್ನು ಕೆಳಕ್ಕೆ ಒತ್ತಿತು. ಶಹನಾಯಿ ಮೊಳಗಿತು.

ತಸ್ನೀಮ್ ಗೋಡೆಯಿಂದ ಬೆನ್ನು ಎತ್ತಿದಳು.

"ಹೇಳು ಬೇಟಿ," ಖುರ್ಷೀದಳ ದನಿ ಹತ್ತಿರದಲ್ಲೇ ಇತ್ತು. ಡಬ್ಬಿಯ ಮುಚ್ಚಳ ತೆರೆದಿತ್ತು. "ನಮ್ಮ ಮುಕ್ತದಿರ್ ನಿನಗೆ ಒಪ್ಪಿಗೆ ತಾನೆ?"

ತಸ್ನೀಮ್ ಬಾಯಿ ತೆರೆದಳು, ಮಾತು ಬರಲಿಲ್ಲ.

"ಸುಮ್ಮನಿದ್ದಾಳೆ ಅಂದ್ರೆ ಆಯ್ತಲ್ಲ, ಆಪಾ," ಅಮ್ಮಿ ಅವಸರದಿಂದ ಹೇಳಿದಳು. "ಹೆಣ್ಣುಮಕ್ಕಳು ಇನ್ನೇನು ಹೇಳ್ತಾರೆ?"

"ಅದೇ ನಾನೂ ಹೇಳಿದ್ದು. ಸಿನಿಮಾದ ಮದುಮಗಳೂ ಹೀಗೇ ತಲೆ ತಗ್ಗಿಸಿದಳು, ಆಗಿಹೋಯ್ತು." ಕಲ್ಲುಸಕ್ಕರೆ ಹಿಡಿದ ಬೆರಳುಗಳು ತಸ್ನೀಮಳ ತುಟಿಯ ಹತ್ತಿರ ಬಂದವು.

ಅವಳು ಮುಖ ಪಕ್ಕಕ್ಕೆ ತಿರುಗಿಸಿದಳು.

"ಅವಳು ತಗ್ಗಿಸಲಿಲ್ಲ." ದನಿ ಒಡೆದಿತ್ತು. "ಅವರು ಒತ್ತಿದ್ರು."

"ಏನು?"

"ಅವಳ ತಲೆ. ಅವಳ ಅತ್ತೆ ಒತ್ತಿದ್ಲು. ಅವಳು ಒಪ್ಪಿರಲಿಲ್ಲ." ತಸ್ನೀಮ್ ಉಸಿರು ಎಳೆದುಕೊಂಡಳು. "ನನಗೂ ಒಪ್ಪಿಗೆ ಇಲ್ಲ."

ಅಮ್ಮಿಯ ಮುಖ ಸುಣ್ಣದಂತಾಯಿತು. "ಹುಚ್ಚು ಹಿಡೀತೇನೆ ನಿನಗೆ? ಆಪಾ, ಇವಳ ಮಾತು ಮನಸ್ಸಿಗೆ ಹಾಕ್ಕೋಬೇಡಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಖುರ್ಷೀದ್ ಅಮ್ಮಿಯ ಕಡೆ ನೋಡಲಿಲ್ಲ. ಕಲ್ಲುಸಕ್ಕರೆಯ ತುಂಡು ಇನ್ನೂ ಅವಳ ಬೆರಳಲ್ಲೇ ಇತ್ತು.

"ಸುಳ್ಳು," ಎಂದಳು. "ಹತ್ತಾರು ಸಲ ನೋಡಿದ್ದೀನಿ. ಪ್ರತಿ ಸಲ ಅತ್ತಿದ್ದೀನಿ, ಖುಷಿಗೆ. ಒತ್ತಿದ್ದನ್ನ ನಾನು ನೋಡಲಿಲ್ಲ."

ತಸ್ನೀಮ್ ಟೀವಿಯ ಕಡೆ ಕೈ ತೋರಿಸಿದಳು. ಕಣ್ಣು ತಗ್ಗಿಸಲಿಲ್ಲ.

"ಎಲ್ಲಿ, ತೋರಿಸು. ಕ್ಯಾಸೆಟ್ಟು ಹಿಂದಕ್ಕೆ ತಿರುಗಿಸು."

"ಆಪಾ, ಈಗ ಅದೆಲ್ಲ ಯಾಕೆ..."

"ತಿರುಗಿಸಲಿ ಬಿಡು."

ಖುರ್ಷೀದ್ ಚೀಲದಿಂದ ಕನ್ನಡಕ ತೆಗೆದು, ಓಢಣಿಯ ಅಂಚಿನಿಂದ ಒರೆಸಿ ಹಾಕಿಕೊಂಡಳು. ಮಂಚದಿಂದಿಳಿದು ಟೀವಿಯ ಮುಂದೆ ನೆಲದ ಮೇಲೆ ಕೂತಳು.

ತಸ್ನೀಮ್ ಎದ್ದು ಗುಂಡಿ ಒತ್ತಿದಳು. ತೆರೆಯ ಮೇಲೆ ಗೆರೆಗಳು ಎದ್ದವು. ಸದ್ದಿಲ್ಲದೆ ನೆಂಟರು ಹಿಂದಕ್ಕೆ ನಡೆದರು, ಎರಚಿದ ಹೂಗಳು ಮುಷ್ಟಿಗಳೊಳಗೆ ಮರಳಿದವು. ಆಮೇಲೆ ಮುಸುಕಿನ ಮೇಲಿದ್ದ ಕೈ ಮೇಲಕ್ಕೆದ್ದು ದೂರ ಹೋಯಿತು, ಬಗ್ಗಿದ್ದ ತಲೆ ನಿಧಾನವಾಗಿ ನೆಟ್ಟಗಾಯಿತು.